ಮನೆಯ ಮಾತು ಮುಚ್ಚಿಟ್ಟರೆ ಜೀನ್ ಸಂಶೋಧನೆ ಮುಂದಕ್ಕೆ ಹೋಗಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ 'ಕ್ಯಾನ್ಸರ್ ಜೀನ್' ಬಗ್ಗೆ ಬಂದ ಬರಹ ಓದಿದೆ. ಬರೆದವರ ಕಾಳಜಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಓದಿ ಮುಗಿಸಿದವರ ತಲೆಯಲ್ಲಿ ಉಳಿಯುವುದು ಇಷ್ಟು: ಕೆಲವರಲ್ಲಿ ಕೆಟ್ಟ ಜೀನ್ ಇರುತ್ತದೆ, ಅಂಥವರಿಗೆ ಕ್ಯಾನ್ಸರ್ ಬರುತ್ತದೆ, ಒಂದು ಟ್ಯೂಬ್ ರಕ್ತ ಕೊಟ್ಟರೆ ಯಂತ್ರ ಅದನ್ನು ಹೇಳಿಬಿಡುತ್ತದೆ. ಈ ಮೂರೂ ಅರ್ಧ ನಿಜ. ನಾನು 15 ವರ್ಷದಿಂದ ವಂಶದಲ್ಲಿ ಹರಿದು ಬರುವ ಗೆಡ್ಡೆ ಕಾಯಿಲೆಗಳ ಸಂಶೋಧನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕುಟುಂಬದವರ ಜೊತೆ ಕೂತು ವಂಶವೃಕ್ಷ ಬರೆದುಕೊಳ್ಳುವುದು ಒಂದು ಕೆಲಸ. ಆಮೇಲೆ ಅವರ ಡಿಎನ್‌ಎ ಓದುವುದು ಇನ್ನೊಂದು. ಎರಡರಲ್ಲಿ ಕಷ್ಟದ್ದು ಯಾವುದು ಅಂತ ಕೇಳಿದರೆ ಯೋಚಿಸದೆ ಮೊದಲನೆಯದು ಅನ್ನುತ್ತೇನೆ. ಡಿಎನ್‌ಎ ಏನನ್ನೂ ಮುಚ್ಚಿಡುವುದಿಲ್ಲ. ಮನೆಯವರು ಮುಚ್ಚಿಡುತ್ತಾರೆ. ಈ ಪತ್ರ ಅದರ ಬಗ್ಗೆಯೇ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿ ಹಾಕಬೇಡಿ.

ಮೊದಲು 'ಕ್ಯಾನ್ಸರ್ ಜೀನ್' ಅನ್ನುವ ಮಾತು. ಬಿಆರ್‌ಸಿಎ1, ಆರ್‌ಬಿ1, ಎಪಿಸಿ, ಟಿಪಿ53, ಹೀಗೆ ಪೇಪರಿನಲ್ಲಿ ಹೆಸರು ಬರುತ್ತದಲ್ಲ, ಈ ಜೀನ್‌ಗಳು ನಿಮ್ಮಲ್ಲಿವೆ, ನನ್ನಲ್ಲಿವೆ, ಎಲ್ಲರಲ್ಲೂ ಎರಡೆರಡು ಪ್ರತಿ ಇವೆ. ಒಂದು ಅಮ್ಮನ ಕಡೆಯಿಂದ, ಒಂದು ಅಪ್ಪನ ಕಡೆಯಿಂದ. ಅವು ಗೆಡ್ಡೆ ಬರಿಸುವುದಕ್ಕೆ ಇರುವಂಥವಲ್ಲ. ಬಾರದ ಹಾಗೆ ಕಾಯುವುದು ಅವುಗಳ ಕೆಲಸ. ಕೆಲವು ಬ್ರೇಕ್ ಹಾಗೆ, ಜೀವಕೋಶ ಸುಮ್ನೆ ಇಬ್ಭಾಗ ಆಗುತ್ತಾ ಹೋಗದಂತೆ ತಡೆಯುತ್ತವೆ. ಕೆಲವು ರಿಪೇರಿಯವರ ಹಾಗೆ, ಡಿಎನ್‌ಎ ಹರಿದರೆ ಹೊಲಿಯುತ್ತವೆ. ವಂಶದಲ್ಲಿ ಬರುವುದು ಗೆಡ್ಡೆ ಅಲ್ಲ, ಮುರಿದ ಒಂದು ಪ್ರತಿ ಅಷ್ಟೆ. ಇನ್ನೊಂದು ಪ್ರತಿ ಸರಿಯಾಗಿರುತ್ತದೆ, ಅದೊಂದೇ ಸಾಕಷ್ಟು ಕಾಲ ಇಡೀ ಮನೆ ನಡೆಸುತ್ತದೆ. ಎಲ್ಲೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೆಟ್ಟಾಗ ತೊಂದರೆ ಶುರು.

ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್. 1971ರಲ್ಲಿ. ಅವರ ಹತ್ತಿರ ಜೀನ್ ಓದುವ ಯಂತ್ರ ಇರಲಿಲ್ಲ, ಆಗ ಯಾರ ಹತ್ತಿರವೂ ಇರಲಿಲ್ಲ. ಇದ್ದದ್ದು ರೆಟಿನೋಬ್ಲಾಸ್ಟೋಮಾ ಅನ್ನುವ ಕಣ್ಣಿನ ಗೆಡ್ಡೆ ಬಂದಿದ್ದ 48 ಮಕ್ಕಳ ದಾಖಲೆ. ಯಾವ ಮಗುವಿಗೆ ಎಷ್ಟು ತಿಂಗಳಿಗೆ ಗೆಡ್ಡೆ ಕಾಣಿಸಿತು, ಒಂದು ಕಣ್ಣೋ ಎರಡು ಕಣ್ಣೋ ಅಂತ ಗ್ರಾಫ್ ಎಳೆದರು. ಎರಡೂ ಕಣ್ಣಿಗೆ ಬಂದ ಮಕ್ಕಳ ಗೆರೆ ನೇರವಾಗಿ ಇಳಿಯಿತು. ಒಂದೇ ಕಣ್ಣಿಗೆ ಬಂದವರ ಗೆರೆ ಬಾಗಿತು. ಒಂದು ಪ್ರತಿ ಕೆಡುವುದನ್ನು ಒಂದು ಏಟು ಅನ್ನೋಣ. ನೇರ ಗೆರೆ ಅಂದರೆ ಒಂದೇ ಏಟು ಬೇಕಿತ್ತು, ಇನ್ನೊಂದು ಏಟು ಹುಟ್ಟುವಾಗಲೇ ಬಿದ್ದಿತ್ತು. ಬಾಗಿದ ಗೆರೆ ಅಂದರೆ ಹುಟ್ಟಿದ ಮೇಲೆ ಎರಡೂ ಏಟು ಬೀಳಬೇಕಿತ್ತು. ಅಷ್ಟು ಸರಳ. ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ, 13ನೇ ಕ್ರೋಮೋಸೋಮ್ (ಡಿಎನ್‌ಎ ಸುತ್ತಿಟ್ಟ ಎಳೆ) ಮೇಲೆ, ನಡ್ಸನ್ ಹೇಳಿದಂತೆಯೇ ಇತ್ತು.

ಈಗ ಇದನ್ನು ಕಣ್ಣಾರೆ ನೋಡಬಹುದು. ನಾನು ಕಂಪ್ಯೂಟರ್ ಮುಂದೆ ಕೂತರೆ ಪರದೆ ತುಂಬ ಬೂದು ಬಣ್ಣದ ಸಣ್ಣ ಸಣ್ಣ ಪಟ್ಟಿಗಳು ಒಂದರ ಕೆಳಗೊಂದು ಜೋಡಿಸಿಟ್ಟಂತೆ ಕಾಣುತ್ತವೆ. ಒಂದೊಂದು ಪಟ್ಟಿಯೂ ಡಿಎನ್‌ಎಯ ಒಂದು ತುಂಡು, ಎ, ಸಿ, ಜಿ, ಟಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ ಬರೆದದ್ದು. ಇಂಥ ಗೆಡ್ಡೆ ಬಂದ ಮಗುವಿನ ರಕ್ತದ ಪಟ್ಟಿಗಳಲ್ಲಿ ಒಂದು ಜಾಗದಲ್ಲಿ ಮಾತ್ರ ಸುಮಾರು ಅರ್ಧದಷ್ಟಕ್ಕೆ ಬೇರೆ ಅಕ್ಷರ. ಸಿ ಇರಬೇಕಾದಲ್ಲಿ ಟಿ. ಉಳಿದರ್ಧ ಸರಿ. ಅದೇ ಮಗುವಿನ ಗೆಡ್ಡೆಯ ಡಿಎನ್‌ಎ ತೆಗೆದು ಪಕ್ಕಕ್ಕಿಟ್ಟರೆ ಅದೇ ಜಾಗದಲ್ಲಿ ಸಿ ಹೆಚ್ಚುಕಡಿಮೆ ಮಾಯ, ಮೇಲಿಂದ ಕೆಳಗಿನ ತನಕ ಬರೀ ಟಿ. ಸರಿಯಾಗಿದ್ದ ಪ್ರತಿ ಗೆಡ್ಡೆಯಲ್ಲಿ ಉಳಿದಿಲ್ಲ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಆದರೂ ಪ್ರತಿ ಸಲ ಆ ಪರದೆ ಎದುರು ಒಂದು ನಿಮಿಷ ಸುಮ್ಮನಾಗುತ್ತೇನೆ.

ಇಷ್ಟೆಲ್ಲ ಗೊತ್ತಾಗಿದ್ದು ಯಂತ್ರದಿಂದ ಅಂತ ಓದುಗರು ತಿಳಿದುಕೊಂಡರೆ ಅದು ತಪ್ಪು. ಗೊತ್ತಾಗಿದ್ದು ಕುಟುಂಬಗಳಿಂದ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ತಿನ್ ಅನ್ನುವ ವೈದ್ಯರ ಹತ್ತಿರ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಹೇಳಿಕೊಂಡಳು, ನಮ್ಮ ಮನೆಯಲ್ಲಿ ಎಷ್ಟೋ ಜನ ಕ್ಯಾನ್ಸರಿನಿಂದ ಸತ್ತಿದ್ದಾರೆ, ನಾನೂ ಹಾಗೇ ಸಾಯುತ್ತೇನೆ ಅಂತ. ಆಗ ಅವಳು ಆರೋಗ್ಯವಾಗಿದ್ದಳು. ಮುಂದೆ ಗರ್ಭಕೋಶದ ಕ್ಯಾನ್ಸರ್ ಬಂದು ತೀರಿಕೊಂಡಳು. ವಾರ್ತಿನ್ ಅವಳ ಮಾತನ್ನು ತಳ್ಳಿಹಾಕಲಿಲ್ಲ, ಕೂತು ಬರೆದುಕೊಂಡರು, 1913ರಲ್ಲಿ ಪ್ರಕಟಿಸಿದರು. ದಶಕಗಳ ನಂತರ ಅಮೆರಿಕದ ಇನ್ನೊಬ್ಬ ವೈದ್ಯ ಹೆನ್ರಿ ಲಿಂಚ್ ಆ ಕುಟುಂಬದ ಕಡತ ಮತ್ತೆ ತೆರೆದರು. ಆಗಿನ ಎಷ್ಟೋ ಜನ ತಜ್ಞರು ಕ್ಯಾನ್ಸರ್ ವಂಶದಲ್ಲಿ ಬರುತ್ತದೆ ಅನ್ನುವುದನ್ನೇ ಒಪ್ಪುತ್ತಿರಲಿಲ್ಲ. ಲಿಂಚ್ ಬಿಡಲಿಲ್ಲ. 1993ರಲ್ಲಿ ಇಂಥ ಕುಟುಂಬಗಳಲ್ಲಿ ಮುರಿದಿರುವ ಎಂಎಸ್‌ಎಚ್2 ಜೀನ್ ಸಿಕ್ಕಿತು, ಮರುವರ್ಷ ಎಂಎಲ್‌ಎಚ್1. ಕರುಳು, ಗರ್ಭಕೋಶದ ಕ್ಯಾನ್ಸರ್ ವಂಶದಲ್ಲಿ ಬರುವ ಈ ಕಾಯಿಲೆಯನ್ನು ಇವತ್ತು ಲಿಂಚ್ ಸಿಂಡ್ರೋಮ್ ಅನ್ನುತ್ತೇವೆ. ಅಂದಾಜು 300 ಜನರಲ್ಲಿ ಒಬ್ಬರು ಇದನ್ನು ಹೊತ್ತುಕೊಂಡಿರುತ್ತಾರೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದರೆ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಬೇಗ ಶುರು ಮಾಡಿ ಕರುಳಿನ ಗಂಟನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು. ಆ ಹೆಂಗಸು ಬಾಯಿ ಬಿಡದೆ ಇದ್ದಿದ್ದರೆ? ನಾನು ಆಗಾಗ ಇದನ್ನು ಯೋಚಿಸುತ್ತೇನೆ.

ಅಮೆರಿಕದ ಜೀನ್ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರ ಕಥೆಯೂ ಇದೇ. ಸ್ತನ ಕ್ಯಾನ್ಸರ್‌ಗೆ ಒಂದೇ ಜೀನ್ ಕಾರಣ ಆಗಿರಬಹುದು ಅಂದಾಗ ನಂಬಿದವರು ಕಡಿಮೆ. 1990ರಲ್ಲಿ ಅವರು 23 ಕುಟುಂಬಗಳ ಮಾಹಿತಿ ಮುಂದಿಟ್ಟು, ಚಿಕ್ಕ ವಯಸ್ಸಿಗೇ ಕಾಯಿಲೆ ಬಂದ ಕುಟುಂಬಗಳಲ್ಲಿ ಈ ಜೀನ್ 17ನೇ ಕ್ರೋಮೋಸೋಮ್ ಮೇಲೆ ಇದೆ ಅಂತ ಬೆರಳಿಟ್ಟು ತೋರಿಸಿದರು. ನಾಲ್ಕು ವರ್ಷಕ್ಕೆ ಬಿಆರ್‌ಸಿಎ1 ಸಿಕ್ಕಿತು. ಆ 23 ಕುಟುಂಬದವರು ತಮ್ಮ ಅಕ್ಕತಂಗಿಯರ, ಅಮ್ಮಂದಿರ, ಚಿಕ್ಕಮ್ಮಂದಿರ ಸಾವಿನ ವಿವರ ಅಪರಿಚಿತರಿಗೆ ಹೇಳಿದ್ದರಿಂದ ಇದಾಯಿತು.

ಇಲ್ಲಿ ಒಂದು ವಿಷಯ ಜೋರಾಗಿ ಹೇಳಬೇಕು. ಸ್ತನ ಕ್ಯಾನ್ಸರ್ ಅಂದ ಕೂಡಲೇ ಎಲ್ಲರೂ ಅಮ್ಮನ ಕಡೆಯವರನ್ನು ಮಾತ್ರ ಕೇಳುತ್ತಾರೆ. ಎಷ್ಟೋ ವೈದ್ಯರೂ ಅಷ್ಟೇ ಕೇಳುತ್ತಾರೆ. ಬಿಆರ್‌ಸಿಎ1 ಜೀನಿನ ಮುರಿದ ಪ್ರತಿ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ, ಅರ್ಧಕ್ಕರ್ಧ ಸಾಧ್ಯತೆ. ಅಪ್ಪನಿಗೆ ಏನೂ ಆಗಿರುವುದಿಲ್ಲ, ಅಪ್ಪನ ಅಕ್ಕನಿಗೆ ಆಗಿರುತ್ತದೆ, ಆ ಅತ್ತೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ವಂಶವೃಕ್ಷ ಬರೆಯುವಾಗ ಹಾಳೆಯ ಎಡಗಡೆ ಅಪ್ಪನ ಕಡೆ, ಬಲಗಡೆ ಅಮ್ಮನ ಕಡೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಗೆಡ್ಡೆ ಬಂದಿದ್ದರೆ ಒಳಗೆ ಕಪ್ಪು, ತೀರಿಕೊಂಡಿದ್ದರೆ ಮೇಲೆ ಒಂದು ಓರೆ ಗೆರೆ. ಹೆಚ್ಚಿನ ಹಾಳೆಗಳಲ್ಲಿ ಬಲಗಡೆ ತುಂಬಿ ತುಳುಕುತ್ತಿರುತ್ತದೆ, ಎಡಗಡೆ ನಾಲ್ಕು ಖಾಲಿ ಚೌಕ ಇರುತ್ತವೆ. ಅಲ್ಲಿ ಕಾಯಿಲೆ ಇಲ್ಲ ಅಂತಲ್ಲ. ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ.

ಅಪ್ಪನೋ ಅಮ್ಮನೋ ಅನ್ನುವುದೇ ಮುಖ್ಯ ಆಗುವ ಕಾಯಿಲೆಗಳೂ ಇವೆ. ಕುತ್ತಿಗೆಯಲ್ಲಿ ಬರುವ ಪ್ಯಾರಾಗ್ಯಾಂಗ್ಲಿಯೋಮಾ ಅನ್ನುವ ಗೆಡ್ಡೆ ಅಂಥದ್ದು. ಎಸ್‌ಡಿಎಚ್‌ಡಿ ಜೀನಿನ ಮುರಿದ ಪ್ರತಿ ಅಪ್ಪನಿಂದ ಬಂದರೆ ಗೆಡ್ಡೆ ಬರಬಹುದು, ಅಮ್ಮನಿಂದ ಬಂದರೆ ಬಹುತೇಕ ಬರುವುದೇ ಇಲ್ಲ. ಹಾಗಾಗಿ ಕಾಯಿಲೆ ಒಂದು ತಲೆಮಾರು, ಕೆಲವು ಸಲ ಎರಡು ತಲೆಮಾರು ಅಡಗಿ ಕೂತು ಮತ್ತೆ ಕಾಣಿಸಿಕೊಳ್ಳುತ್ತದೆ. 1989ರಲ್ಲಿ ಡಚ್ ವೈದ್ಯರು ದೊಡ್ಡ ದೊಡ್ಡ ಕುಟುಂಬಗಳ ವಂಶವೃಕ್ಷ ನೋಡಿಯೇ ಇದನ್ನು ಕಂಡುಹಿಡಿದರು. ಜೀನ್ ಸಿಕ್ಕಿದ್ದು 2000ದಲ್ಲಿ, ಅಂದರೆ 11 ವರ್ಷ ಆದ ಮೇಲೆ. ಕಾಗದದ ಮೇಲಿನ ಚೌಕ, ವೃತ್ತಗಳು ಡಿಎನ್‌ಎಗಿಂತ ಮೊದಲೇ ಹೇಳಿದ್ದವು.

'ಅಪರೂಪದ ಕಾಯಿಲೆಗೆ ಯಾಕೆ ಇಷ್ಟು ಖರ್ಚು' ಅಂತ ಕೇಳುವವರು ಇದ್ದಾರೆ. ನೇರ ಉತ್ತರ ಕೊಡುತ್ತೇನೆ. ಒಟ್ಟು ಕ್ಯಾನ್ಸರ್‌ಗಳಲ್ಲಿ ಹೀಗೆ ಒಂದು ಜೀನಿನ ಮೂಲಕ ವಂಶದಲ್ಲಿ ಬರುವುದು ನೂರಕ್ಕೆ 5ರಿಂದ 10. ಆದರೆ ಉಳಿದ ತೊಂಬತ್ತರ ಗುಟ್ಟು ಎಷ್ಟೋ ಸಲ ಈ ಐದು ಹತ್ತರಲ್ಲೇ ಸಿಕ್ಕಿದೆ. ಕರುಳಿನಲ್ಲಿ ನೂರಾರು, ಸಾವಿರಾರು ಗಂಟು ಏಳುವ ಅಪರೂಪದ ಕಾಯಿಲೆ ಒಂದಿದೆ, ಅದಕ್ಕೆ ಕಾರಣವಾದ ಎಪಿಸಿ ಜೀನ್ 1991ರಲ್ಲಿ ಸಿಕ್ಕಿತು. ಆಮೇಲೆ ನೋಡಿದರೆ ಯಾವ ವಂಶದ ಹಿನ್ನೆಲೆಯೂ ಇಲ್ಲದ ಮಾಮೂಲಿ ಕರುಳಿನ ಕ್ಯಾನ್ಸರ್‌ಗಳಲ್ಲೂ ಬಹುಪಾಲು ಅದೇ ಜೀನ್ ಕೆಟ್ಟಿತ್ತು. ವಾನ್ ಹಿಪ್ಪೆಲ್ ಲಿಂಡಾವ್ ಕಾಯಿಲೆ ಸುಮಾರು 36,000 ಜನರಲ್ಲಿ ಒಬ್ಬರಿಗೆ ಬರುತ್ತದೆ. ಕಣ್ಣು, ಮಿದುಳು, ಬೆನ್ನುಹುರಿ, ಕಿಡ್ನಿ, ಒಂದಾದ ಮೇಲೆ ಒಂದು ಕಡೆ ಗೆಡ್ಡೆ. ಆ ಜೀನ್ 1993ರಲ್ಲಿ ಸಿಕ್ಕಿತು. ಅದು ಏನು ಮಾಡುತ್ತದೆ ಅಂತ ಹುಡುಕುತ್ತಾ ಹೋದ ಅಮೆರಿಕದ ವಿಜ್ಞಾನಿ ವಿಲಿಯಂ ಕೇಲಿನ್, ಜೀವಕೋಶ ಆಮ್ಲಜನಕದ ಕೊರತೆಯನ್ನು ಹೇಗೆ ಗುರುತಿಸುತ್ತದೆ ಅನ್ನುವ ದಾರಿಗೆ ಬಂದರು, 2019ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದರು. ಈ ಜೀನ್ ಕೆಟ್ಟಾಗ ಗಾಳಿ ಸಾಕಷ್ಟು ಇದ್ದರೂ ಜೀವಕೋಶ 'ಉಸಿರು ಕಟ್ಟುತ್ತಿದೆ, ರಕ್ತನಾಳ ಕಳಿಸಿ' ಅಂತ ಕೂಗುತ್ತಲೇ ಇರುತ್ತದೆ. ಅದಕ್ಕೇ ಆ ಗೆಡ್ಡೆಗಳು ರಕ್ತನಾಳದ ಮುದ್ದೆಯ ಹಾಗೆ ಇರುತ್ತವೆ. ಆ ಕೂಗನ್ನು ತಡೆಯುವ ಬೆಲ್ಜುಟಿಫಾನ್ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮೊದಲು ಇದೇ ಕಾಯಿಲೆಗೆ. ಬರೀ ಆಪರೇಷನ್ ಮೇಲೆ ಆಪರೇಷನ್ ಅಂತ ಬದುಕುತ್ತಿದ್ದವರಿಗೆ ಅದು ಎಷ್ಟು ದೊಡ್ಡದು ಅಂತ ಅವರನ್ನೇ ಕೇಳಬೇಕು.

ಈಗ ನನಗೆ ನಿಜವಾಗಿ ನಿದ್ದೆ ಕೆಡಿಸುವ ವಿಷಯಕ್ಕೆ ಬರುತ್ತೇನೆ. ರಕ್ತ ಕೊಟ್ಟರೆ ಯಂತ್ರ ಹೇಳಿಬಿಡುತ್ತದೆ ಅಂತ ನಿಮ್ಮ ಬರಹದಲ್ಲಿತ್ತಲ್ವಾ? ಎಷ್ಟೋ ಸಲ ಹೇಳುವುದಿಲ್ಲ. ರಿಪೋರ್ಟಿನಲ್ಲಿ 'ಅರ್ಥ ಖಚಿತವಾಗದ ಬದಲಾವಣೆ' ಅಂತ ಬರುತ್ತದೆ. ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ, ಅದು ಕಾಯಿಲೆ ತರುತ್ತದೋ ಅಥವಾ ಕಣ್ಣಿನ ಬಣ್ಣ ಬೇರೆ ಬೇರೆ ಇರುವ ಹಾಗೆ ಏನೂ ಮಾಡದೆ ಸುಮ್ಮನಿರುತ್ತದೋ, ಈಗಿನ ತಿಳಿವಳಿಕೆಯಲ್ಲಿ ಹೇಳಲು ಬರುವುದಿಲ್ಲ ಅಂತ ಅರ್ಥ. ಜಗತ್ತಿನ ದತ್ತಾಂಶದಲ್ಲಿ ಯುರೋಪ್ ಮೂಲದವರ ಮಾಹಿತಿ ತೀರಾ ಜಾಸ್ತಿ, ಉಳಿದವರದ್ದು ಕಡಿಮೆ. ಹಾಗಾಗಿ ಉಳಿದವರ ರಿಪೋರ್ಟಿನಲ್ಲಿ ಈ ಸಾಲು ಹೆಚ್ಚಾಗಿ ಬರುತ್ತದೆ. ಇದು ಅವರ ಡಿಎನ್‌ಎಯ ತಪ್ಪಲ್ಲ. ಅವರಂಥ ಕುಟುಂಬಗಳನ್ನು ಯಾರೂ ಸಾಕಷ್ಟು ಓದಿಲ್ಲ, ಅಷ್ಟೆ.

ಒಂದು ಆಸ್ಪತ್ರೆಯಿಂದ ಬಂದ ಮಹಿಳೆಯೊಬ್ಬರು ನೆನಪಾಗುತ್ತಾರೆ. ಇಂಥದ್ದೇ ರಿಪೋರ್ಟ್ ಕೊಟ್ಟು, ಅದನ್ನು ಸರಿಯಾಗಿ ಬಿಡಿಸಿ ಹೇಳದೆ, ಸ್ತನ ತೆಗೆಸುವ ಆಪರೇಷನ್‌ಗೆ ದಿನ ಗೊತ್ತು ಮಾಡಿದ್ದರು. ನಮ್ಮಲ್ಲಿಗೆ ಬಂದಾಗ ಅದರ ಮುಂಚಿನ ವಾರ. ಅರ್ಥ ಖಚಿತವಾಗದ ಬದಲಾವಣೆಯೊಂದನ್ನೇ ನಂಬಿ ಆಪರೇಷನ್ ಮಾಡಬಾರದು ಅನ್ನುವುದು ಈ ಕ್ಷೇತ್ರದ ಪಾಠದ ಮೊದಲ ಪುಟದಲ್ಲೇ ಇದೆ. ಅವರ ಮನೆಯ ಇತಿಹಾಸದಲ್ಲೂ ಅಂಥ ಕಾರಣ ಇರಲಿಲ್ಲ. ಎರಡು ವರ್ಷದ ಮೇಲೆ ಆ ಬದಲಾವಣೆ ನಿರುಪದ್ರವಿ ಅಂತ ತೀರ್ಮಾನವಾಯಿತು. ಇದರ ಉಲ್ಟಾ ಕೂಡ ಆಗುತ್ತದೆ. ಖಚಿತವಿಲ್ಲ ಅಂತ ಬಂದದ್ದನ್ನು 'ಏನೂ ಇಲ್ಲ' ಅಂತ ಓದಿಕೊಂಡು ಮನೆಗೆ ಹೋದವರಿದ್ದಾರೆ. ರಿಪೋರ್ಟ್ ಕೊಡುವವರಲ್ಲಿ ನನ್ನ ಬೇಡಿಕೆ ಒಂದೇ. ಆ ಸಾಲಿನ ಅರ್ಥವನ್ನು ಕೂತು ಹೇಳಿ, ತೀರ್ಮಾನ ಬದಲಾದ ದಿನ ಫೋನ್ ಮಾಡಿ ಕರೆಯಿರಿ. ಅರ್ಥ ಬದಲಾಗಿದ್ದು ಕಂಪ್ಯೂಟರಿನಲ್ಲಿ ಮಾತ್ರ ಉಳಿದು ಮನೆಗೆ ತಲುಪದಿದ್ದರೆ ನಾವು ಮಾಡುವ ಕೆಲಸ ಯಾರಿಗೆ?

ಖಚಿತವಾಗದ್ದು ಖಚಿತವಾಗುವುದು ಹೇಗೆ ಅಂತ ಒಂದು ಕುಟುಂಬದ ಮೂಲಕ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಹೇಳಲು ಅವರ ಒಪ್ಪಿಗೆ ಇದೆ. ಒಂದೂವರೆ ವರ್ಷದ ಗಂಡು ಮಗು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಕೆಂಪಾಗಿ, ಇನ್ನೊಂದು ಬೆಳ್ಳಗೆ ಕಂಡಿತ್ತು. ಮಗುವಿನ ಅಮ್ಮ ಅದನ್ನು ಕಡೆಗಣಿಸಲಿಲ್ಲ, ಮರುದಿನವೇ ಕಣ್ಣಿನ ವೈದ್ಯರ ಹತ್ತಿರ ಹೋದರು. ರೆಟಿನೋಬ್ಲಾಸ್ಟೋಮಾ. ಓದುಗರೇ, ಮಗುವಿನ ಫೋಟೋದಲ್ಲಿ ಹೀಗೆ ಒಂದು ಕಣ್ಣು ಬಿಳಿ ಕಂಡರೆ ಕ್ಯಾಮೆರಾ ದೋಷ ಅಂತ ಬಿಡಬೇಡಿ, ತೋರಿಸಿ. ರಕ್ತದಲ್ಲಿ ಆರ್‌ಬಿ1 ಜೀನಿನ ಒಂದು ಅಕ್ಷರ ಬದಲಾಗಿತ್ತು. ಆದರೆ ಅದು ಅದುವರೆಗೆ ಯಾರೂ ಕಾಣದ ಬದಲಾವಣೆ. ಅರ್ಥ ಖಚಿತವಿಲ್ಲ.

ಅಮ್ಮನನ್ನು ಪರೀಕ್ಷಿಸಿದೆವು, ಅವರಲ್ಲೂ ಅದೇ ಬದಲಾವಣೆ. ಅವರ ಕಣ್ಣು ಚೆನ್ನಾಗಿದೆ. ಅಜ್ಜಿಯಲ್ಲೂ ಇತ್ತು, ಅವರ ಕಣ್ಣೂ ಚೆನ್ನಾಗಿದೆ. ಈ ಜೀನಿನ ಒಂದು ಪ್ರತಿ ಪೂರ್ತಿ ಮುರಿದು ಹುಟ್ಟಿದ ನೂರು ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಗೆಡ್ಡೆ ಬರುತ್ತದೆ, ಇಲ್ಲಿ ನೋಡಿದರೆ ಇಬ್ಬರು ದೊಡ್ಡವರು ಆರಾಮಾಗಿದ್ದಾರೆ. ಹಾಗಾದರೆ ಇದು ನಿರುಪದ್ರವಿಯೇ? ಅಥವಾ ಅರ್ಧಂಬರ್ಧ ಕೆಲಸ ಮಾಡುವ ಪ್ರೋಟೀನ್ ಕೊಡುವಂಥದ್ದೇ? ಅಂಥ ಬದಲಾವಣೆ ಇರುವ ಮನೆಗಳಲ್ಲಿ ಎಷ್ಟೋ ಜನರಿಗೆ ಏನೂ ಆಗದೆ ಒಬ್ಬಿಬ್ಬರಿಗೆ ಮಾತ್ರ ಕಾಯಿಲೆ ಬರುತ್ತದೆ.

ಅಜ್ಜಿಯ ಎದುರು ಹಾಳೆ ಇಟ್ಟುಕೊಂಡು ಕೂತೆ. ನಿಮ್ಮ ಕಡೆ ಯಾರಿಗಾದರೂ ಕಣ್ಣಿನ ತೊಂದರೆ ಇತ್ತಾ? ಯಾರಿಗೂ ಇಲ್ಲ ಅಂದರು. ಒಡಹುಟ್ಟಿದವರು? ನಾವು ನಾಲ್ವರು ಅಂದರು. ನಾಲ್ಕು ಚಿಹ್ನೆ ಬರೆದೆ. ಅವರು ಹಾಳೆಯನ್ನೇ ನೋಡುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ. ಸುಮಾರು ಹೊತ್ತಾದ ಮೇಲೆ ನನ್ನ ಹಾಳೆಯ ಮೇಲೆ, ಮೂರನೆಯ ಮತ್ತು ನಾಲ್ಕನೆಯ ಚಿಹ್ನೆಯ ನಡುವೆ ಬೆರಳಿಟ್ಟರು. 'ಇಲ್ಲಿ ಒಬ್ಬಳಿದ್ದಳು' ಅಂದರು. ಮೂರು ವರ್ಷಕ್ಕೆ ಹೋದಳಂತೆ. ಕತ್ತಲಲ್ಲಿ ದೀಪ ಹಿಡಿದರೆ ಅವಳ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತಿತ್ತಂತೆ. ಮನೆಯಲ್ಲಿ ಅವಳ ಹೆಸರು ಎತ್ತಬಾರದು ಅಂತ ಅವರ ಅಮ್ಮ ಹೇಳಿದ್ದರು, ಅರವತ್ತು ವರ್ಷ ಯಾರೂ ಎತ್ತಿರಲಿಲ್ಲ. ಅಜ್ಜಿಯ ಸ್ವಂತ ಮಗಳಿಗೇ ಆ ಚಿಕ್ಕಮ್ಮ ಇದ್ದದ್ದು ಆ ದಿನ ಗೊತ್ತಾಯಿತು.

ಅಲ್ಲಿಂದ ಬಾಗಿಲು ತೆರೆಯಿತು. ಅಜ್ಜಿಯ ಅಣ್ಣನ ಮಗ ಒಬ್ಬರಿದ್ದರು, ಐವತ್ತು ದಾಟಿದವರು, ಚಿಕ್ಕಂದಿನಿಂದ ಒಂದು ಕಣ್ಣು ಕೃತಕ. ಬಿದ್ದು ಪೆಟ್ಟಾಗಿ ಹೋಯಿತು ಅಂತ ಎಲ್ಲರೂ ನಂಬಿದ್ದರು. ಅವರ ರಕ್ತದಲ್ಲೂ ಅದೇ ಅಕ್ಷರ ಬದಲಾಗಿತ್ತು. ಹಳೆಯ ಕಡತ ಹುಡುಕಿಸಿದಾಗ ಕಣ್ಣು ತೆಗೆದದ್ದು ಗೆಡ್ಡೆಗೆ ಅಂತ ಸಿಕ್ಕಿತು. ಪ್ರಯೋಗಾಲಯದಲ್ಲಿ ಆ ಪ್ರೋಟೀನ್ ಅರ್ಧ ಮಾತ್ರ ಕೆಲಸ ಮಾಡುತ್ತದೆ ಅಂತಲೂ ಕಂಡಿತು. ಎಲ್ಲ ಸೇರಿ 'ಖಚಿತವಿಲ್ಲ' ಅನ್ನುವುದು 'ಕಾಯಿಲೆ ತರುವಂಥದ್ದು' ಅಂತ ಆಯಿತು. ಈ ಮಾಹಿತಿ ಈಗ ಎಲ್ಲರೂ ನೋಡಬಹುದಾದ ದತ್ತಾಂಶದಲ್ಲಿದೆ, ಹೆಸರಿಲ್ಲದೆ. ಇನ್ನೆಲ್ಲೋ ಒಂದು ಮಗುವಿಗೆ ಇದೇ ಬದಲಾವಣೆ ಕಂಡರೆ ಅಲ್ಲಿಯ ವೈದ್ಯರು ತಡಕಾಡಬೇಕಾಗಿಲ್ಲ.

ರಿಪೋರ್ಟ್ ಹೇಳಲು ಕೃತಕ ಕಣ್ಣಿನ ಆ ಅಣ್ಣನ ಮಗನನ್ನು ಕರೆಸಿದ್ದೆ. ಇನ್ನು ಮುಂದೆ ಮೂಳೆ, ಚರ್ಮದ ಬಗ್ಗೆ ಹುಷಾರಾಗಿರಬೇಕು, ಈ ಜೀನ್ ಕೆಟ್ಟವರಿಗೆ ದೊಡ್ಡವರಾದ ಮೇಲೂ ಬೇರೆ ಗೆಡ್ಡೆ ಬರುವ ಸಾಧ್ಯತೆ ಜಾಸ್ತಿ, ಮಕ್ಕಳಿಗೆ ಪರೀಕ್ಷೆ ಮಾಡಿಸಬಹುದು, ಮಾಡಿಸಲೇಬೇಕೆಂದಿಲ್ಲ, ಯೋಚಿಸಿ ಹೇಳಿ, ಅಂತೆಲ್ಲ ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. 'ಹಾಗಾದರೆ ನಾನು ಬಿದ್ದದ್ದಕ್ಕೆ ಕಣ್ಣು ಹೋದದ್ದಲ್ಲ ಅಲ್ವಾ?' ಅಲ್ಲ ಅಂದೆ. ಅವರನ್ನು ಎತ್ತಿಕೊಂಡಿದ್ದಾಗ ಕೈ ಜಾರಿ ಬೀಳಿಸಿದ್ದು ಅವರ ಅಮ್ಮ. ಸಾಯುವ ತನಕ ಅದನ್ನೇ ಹೇಳಿಕೊಂಡು ಅಳುತ್ತಿದ್ದರಂತೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು